ಬಾಂದ್ರಾದಲ್ಲಿ ಒಂಬತ್ತನೇ ಕ್ಲಾಸು

ಜೂನ್ ತಿಂಗಳ ನಡುವಿಗೆ ಬಾಂದ್ರಾದ ಹಿಲ್ ರೋಡ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಳೆ ಹಿಡಿದಿರುತ್ತದೆ, ಶಾಲೆಗಳು ಶುರುವಾಗಿರುತ್ತವೆ. ಫುಟ್‌ಪಾತಿನ ಅಂಗಡಿಗಳಲ್ಲಿ ಕಿವಿಯೋಲೆ, ಚಪ್ಪಲಿಗಳನ್ನು ಒತ್ತರಿಸಿ ರೇನ್‌ಕೋಟು, ಕಂಪಾಸ್ ಬಾಕ್ಸು, ಶಾಲೆಯ ಕಪ್ಪು ಶೂಗಳು ಮುಂದೆ ಬಂದು ಕೂತಿರುತ್ತವೆ. ಅಮ್ಮಂದಿರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಸ್ತಕದ ಪಟ್ಟಿ ಹಿಡಿದು ಚೌಕಾಸಿ ಮಾಡುತ್ತಿರುತ್ತಾರೆ. ಬಾಂದ್ರಾ ಎಂದರೆ ಸಿನಿಮಾ ನಟರ ಬಂಗಲೆ, ಮೌಂಟ್ ಮೇರಿ ಜಾತ್ರೆ, ಸಮುದ್ರದಂಡೆ ಎಂದು ತಿಳಿದವರು ಈ ದಿನಗಳಲ್ಲಿ ಒಮ್ಮೆ ಇಲ್ಲಿ ನಡೆದು ನೋಡಬೇಕು. ಇದು ಮೊದಲಿಗೆ ಶಾಲೆಗಳ ಊರು.

ಹಿಲ್ ರೋಡ್‌ನ ಸೇಂಟ್ ಸ್ಟ್ಯಾನಿಸ್ಲಾಸ್ ಶಾಲೆ 1863ರಲ್ಲಿ ಜೆಸ್ಯೂಟ್ ಪಾದ್ರಿಗಳು ಅನಾಥ ಗಂಡುಮಕ್ಕಳಿಗಾಗಿ ತೆರೆದದ್ದು. ಈಗ ಉಪನಗರದ ಹೆಸರುವಾಸಿ ಶಾಲೆಗಳಲ್ಲಿ ಒಂದಾಗಿರುವ ಇದರ ಬುಡದಲ್ಲಿ ಇರುವುದು ದಿಕ್ಕಿಲ್ಲದ ಮಕ್ಕಳ ಚಿಂತೆ. ಅದೇ ರಸ್ತೆಯಲ್ಲಿ ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಇದೆ. ಬಾಂದ್ರಾದಲ್ಲೇ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿರುವ ಅಪೊಸ್ಟಲಿಕ್ ಕಾರ್ಮೆಲ್ ಸಭೆಯಂತೂ ನಮ್ಮ ಕರಾವಳಿಗೆ ಹತ್ತಿರದ್ದು. 1870ರಲ್ಲಿ ಮಂಗಳೂರಿಗೆ ಬಂದಿಳಿದ ಸಿಸ್ಟರುಗಳಿಂದ ಈ ನೆಲದಲ್ಲಿ ಬೇರೂರಿದ್ದು. ಮಂಗಳೂರು ಕಡೆಯ ಎಷ್ಟೋ ಕುಟುಂಬಗಳು ಬಾಂದ್ರಾದಲ್ಲಿ ಮನೆ ಮಾಡಿದ್ದಕ್ಕೆ ಇಗರ್ಜಿಗಳಷ್ಟೇ ಈ ಶಾಲೆಗಳೂ ಕಾರಣ.

ಬ್ಯಾಂಡ್‌ಸ್ಟ್ಯಾಂಡ್ ಕಡೆ ತಿರುಗುವ ಕನ್ನಡಿಗನಿಗೆ ಯಶವಂತ ಚಿತ್ತಾಲರ ನೆನಪು ಬಾರದೆ ಇರದು. ಸಮುದ್ರಕ್ಕೆ ಮುಖ ಮಾಡಿದ ಇಲ್ಲಿನ ಮನೆಯಲ್ಲೇ ಅವರು ಬಹುಕಾಲ ಇದ್ದರು. ಉತ್ತರ ಕನ್ನಡದ ಹನೇಹಳ್ಳಿಯ ಹುಡುಗ ಹೈಸ್ಕೂಲಿಗೆಂದು ಕುಮಟೆಯ ಗಿಬ್ ಶಾಲೆಗೆ ಹೋಗಬೇಕಾಗಿತ್ತು. ಹಳ್ಳಿಯ ಮಗು ಕನ್ನಡ ಶಾಲೆ ಮುಗಿಸಿ ಹೈಸ್ಕೂಲು ಸೇರುವುದೇ ಅಂದು ಒಂದು ದೊಡ್ಡ ದಾಟು. ಊಟಕ್ಕೆ ಯಾರ ಮನೆ, ಮಲಗಲು ಯಾರ ಜಗಲಿ, ಫೀಸಿಗೆ ಯಾರ ಸಹಾಯ ಎಂಬ ಪ್ರಶ್ನೆಗಳನ್ನು ಆ ತಲೆಮಾರಿನ ಸಾವಿರಾರು ಮನೆಗಳು ಎದುರಿಸಿದವು. ಆ ದಾಟು ಮುಗಿದುಹೋದ ಕಥೆ ಎಂದು ನಾವು ತಿಳಿದಿದ್ದೇವೆ. ರೈಲುಹಳಿ ದಾಟಿ ಪೂರ್ವ ಬಾಂದ್ರಾಕ್ಕೆ ಹೋದರೆ ಅದು ಇನ್ನೂ ನಡೆಯುತ್ತಿರುವುದು ಕಾಣುತ್ತದೆ.

ಸ್ಟೇಷನ್ನಿನ ಸೇತುವೆ ಹತ್ತಿ ಇಳಿದರೆ ಬೆಹ್ರಾಮ್‌ಪಾಡಾ, ಗರೀಬ್ ನಗರ. ಒಂದರ ಮೇಲೊಂದು ಏರಿಸಿದ ತಗಡು, ಇಟ್ಟಿಗೆಯ ಕೋಣೆಗಳು. ಹೊರಗಿನಿಂದ ಹತ್ತುವ ಕಬ್ಬಿಣದ ಏಣಿಗಳು. ಕೆಳಗೆ ಹೊಲಿಗೆ ಮಿಷನ್ನುಗಳ ಸದ್ದು. ಅಲ್ಲಿಂದ ಮುಂದೆ ಸರ್ಕಾರಿ ನೌಕರರ ಹಳೆಯ ಕಾಲೊನಿ, ಖೇರ್‌ವಾಡಿ, ಕಲಾನಗರ. ಅದಕ್ಕೂ ಆಚೆ ಗಾಜಿನ ಕಟ್ಟಡಗಳ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸು. ದೇಶದ ದೊಡ್ಡ ಬ್ಯಾಂಕುಗಳ ಕಚೇರಿಗೂ ಏಣಿ ಹತ್ತಿ ಹೋಗುವ ಮನೆಗೂ ನಡುವೆ ರಿಕ್ಷಾದಲ್ಲಿ ಕೆಲವೇ ನಿಮಿಷಗಳ ದಾರಿ.

ಖೇರ್‌ವಾಡಿಯಲ್ಲಿ ಒಂದು ಕಟ್ಟಡದ ನೆಲಮಹಡಿಯ ಹಾಲಿನಲ್ಲಿ ನೋಟ್‌ಬುಕ್ ಹಂಚುತ್ತಿದ್ದರು. ಇಂಥ ಕಾರ್ಯಕ್ರಮ ಜೂನ್, ಜುಲೈಯಲ್ಲಿ ಮುಂಬಯಿಯ ಪ್ರತಿ ಗಲ್ಲಿಯಲ್ಲೂ ಕಾಣುವಂಥದ್ದು. ಗಣೇಶೋತ್ಸವ ಮಂಡಳಿಗಳು, ಭಜನಾ ಮಂಡಳಿಗಳು, ಜಾತಿ ಸಂಘಗಳು, ರೋಟರಿ, ಲಯನ್ಸ್, ರಾಜಕೀಯ ಪಕ್ಷಗಳ ಶಾಖೆಗಳು ಎಲ್ಲರೂ ಹಂಚುತ್ತಾರೆ. ಮೇಜಿನ ಮೇಲೆ ಡಜನ್ ಡಜನ್ ಕಟ್ಟಿದ ಪುಸ್ತಕಗಳು. ಒಂದನ್ನು ಎತ್ತಿ ನೋಡಿದೆ. ರಟ್ಟಿನ ಮೇಲೆ ಯಾರ ಫೋಟೊವೂ ಇರಲಿಲ್ಲ. ಹಿಂಬದಿಯಲ್ಲಿ ಗುಣಾಕಾರದ ಕೋಷ್ಟಕ, ಒಳಗೆ ಹೆಸರು, ತರಗತಿ, ವಿಷಯ ಬರೆಯಲು ಮೂರು ಗೆರೆ. ನನಗೆ ಇದು ಸಣ್ಣ ವಿಷಯವೆಂದು ಅನಿಸಲಿಲ್ಲ. ದಾನಿಯ ಮುಖ ಅಚ್ಚಾದ ನೋಟ್‌ಬುಕ್ಕನ್ನು ಹದಿನಾಲ್ಕು ವರ್ಷದ ಹುಡುಗಿ ಕ್ಲಾಸಿನಲ್ಲಿ ತೆಗೆಯಲು ಹಿಂಜರಿಯುತ್ತಾಳೆ. ಮನೆಗೆ ಬಂದವಳೇ ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತುತ್ತಾಳೆ. ಈ ಹಾಲಿನವರು ಆ ವಯಸ್ಸನ್ನು ಅರ್ಥ ಮಾಡಿಕೊಂಡಿದ್ದಾರೆ.

ಸಾಲಿನಲ್ಲಿದ್ದ ಒಬ್ಬ ತಾಯಿ ಮೇಜಿನ ಹಿಂದಿದ್ದ ಹಿರಿಯರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಅಣ್ಣಾ, ಪುಸ್ತಕ ಆಯ್ತು. ಫೀಸಿಗೆ ಏನಾದ್ರೂ ಆಗ್ತದಾ? ಎಂಟರ ತನಕ ಒಂದು ಪೈಸೆ ಕೇಳ್ಲಿಲ್ಲ. ಈಗ ಒಂಬತ್ತು ಅಂತ ಪೂರಾ ಕಟ್ಲಿಕ್ಕೆ ಹೇಳ್ತಾರೆ."

"ಫಾರ್ಮ್ ತುಂಬಿ ಕೊಡಿ ಅಕ್ಕಾ. ಕಮಿಟಿಯಲ್ಲಿ ಇಡ್ತೇನೆ," ಎಂದರು ಅವರು.

ಹೈಸ್ಕೂಲು ಮಕ್ಕಳ ಸಂಕಟದ ಗಂಟು ಇರುವುದು ಆ ತಾಯಿಯ ಮಾತಿನಲ್ಲೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂದರೆ ಎಂಟನೆಯ ತರಗತಿಯವರೆಗೆ, ಉಚಿತ ಶಿಕ್ಷಣದ ಭರವಸೆ ಕೊಡುತ್ತದೆ. ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಟ್ಟದ್ದೂ ಅದೇ ಕಾಯ್ದೆ. ಅದರಿಂದ ಕೂಲಿಯವರ, ಮನೆಗೆಲಸದವರ ಮಕ್ಕಳು ಮೊದಲ ಬಾರಿಗೆ ಇಂಗ್ಲಿಷ್ ಮಾಧ್ಯಮದ ಒಳ್ಳೆಯ ಶಾಲೆಗಳ ಮೆಟ್ಟಿಲು ಹತ್ತಿದರು. ಎಂಟು ವರ್ಷ ಓದಿದರು, ಗೆಳೆಯರನ್ನು ಮಾಡಿಕೊಂಡರು, ಆ ಶಾಲೆಯ ಭಾಷೆ ಕಲಿತರು. ಒಂಬತ್ತಕ್ಕೆ ಬಂದಾಗ ಕಾಯ್ದೆಯ ಆಸರೆ ಮುಗಿದು ಪೂರ್ತಿ ಫೀಸಿನ ಚೀಟಿ ಕೈಗೆ ಬರುತ್ತದೆ. ಪಾಲಿಕೆ ಶಾಲೆಯ ಮಕ್ಕಳಿಗೂ ಬೇರೆ ಬಗೆಯಲ್ಲಿ ಅದೇ ಗತಿ. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಪುಸ್ತಕ, ಸಮವಸ್ತ್ರ, ಚೀಲ, ರೇನ್‌ಕೋಟು ಎಲ್ಲ ಉಚಿತ. ಆದರೆ ಅದರ ಪ್ರಾಥಮಿಕ ಶಾಲೆಗಳ ಎದುರಿಗೆ ಮಾಧ್ಯಮಿಕ ಶಾಲೆಗಳು ತೀರಾ ಕಡಿಮೆ. ಕನ್ನಡ ಮಾಧ್ಯಮದ ಮಗುವಿಗಂತೂ ಹೈಸ್ಕೂಲು ಬೇಕೆಂದರೆ 1939ರಿಂದ ದುಡಿಯುತ್ತಿರುವ ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಬೆರಳೆಣಿಕೆಯ ಜಾಗಗಳೇ ಗತಿ. ಹೀಗೆ ಒಂಬತ್ತನೆಯ ತರಗತಿ ಎಂಬುದು ಸರ್ಕಾರದ ಕೈ ಸಡಿಲವಾಗುವ ಜಾಗ. ಸಮಾಜದ ಕೈ ಬೇಕಾಗುವುದು ಅಲ್ಲಿಯೇ.

ಆ ಕೈಯನ್ನು ಮುಂಬಯಿಯ ಕನ್ನಡಿಗರು, ತುಳುವರು ಬಹಳ ಹಿಂದೆಯೇ ಚಾಚಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಊರಿನಿಂದ ಹಡಗು ಹತ್ತಿ ಬಂದ ಹುಡುಗರು ಹೋಟೆಲುಗಳಲ್ಲಿ ಟೇಬಲ್ ಒರೆಸುತ್ತಿದ್ದರು, ಕ್ಯಾಂಟೀನುಗಳಲ್ಲಿ ಚಹಾ ಹೊರುತ್ತಿದ್ದರು. ಅವರನ್ನು ಹಗಲಿನ ಶಾಲೆಗೆ ಕರೆಯುವುದು ಆಗದ ಮಾತು. ಆದ್ದರಿಂದ ಹಿರಿಯರು ಶಾಲೆಯನ್ನೇ ಸಂಜೆಗೆ ತಂದರು. ಮೊಗವೀರ ಮಂಡಳಿಯ ಉಚಿತ ರಾತ್ರಿ ಹೈಸ್ಕೂಲು, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಫೋರ್ಟ್ ಭಾಗದ ಇನ್ನೂ ಕೆಲವು ಕನ್ನಡ ರಾತ್ರಿ ಶಾಲೆಗಳು ಎದ್ದದ್ದು ಹೀಗೆ. ಹಗಲು ದುಡಿದು ಸಂಜೆ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದವರು ಮುಂದೆ ಬ್ಯಾಂಕಿನ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲೀಕರಾದರು, ಲೇಖಕರಾದರು. ಇಂದು ಮುಂಬಯಿಯ ಕನ್ನಡ ವೇದಿಕೆಗಳಲ್ಲಿ ಶಾಲು ಹೊದೆಸಿಕೊಳ್ಳುವ ಹಿರಿಯರ ಬದುಕಿನ ವಿವರ ಕೇಳಿ. ರಾತ್ರಿ ಶಾಲೆಯ ಹೆಸರು ಬಾರದ ಭಾಷಣ ಅಪರೂಪ.

ಆ ಹಿರಿಯರ ದೊಡ್ಡತನ ಹಣದಲ್ಲಿರಲಿಲ್ಲ, ಹಣ ಅವರ ಬಳಿ ಇರಲೂ ಇಲ್ಲ. ಹುಡುಗನ ದಿನದಲ್ಲಿ ಓದಿಗೆ ಬಿಡುವು ಎಲ್ಲಿದೆ ಎಂದು ಅವರು ಹುಡುಕಿದರು. ಅದನ್ನೇ ನಾವು ಇಂದು ಮರೆಯುತ್ತಿದ್ದೇವೆ ಎಂಬುದು ನನ್ನ ನಂಬಿಕೆ.

ಈಗ ನೆರವಿನ ಸ್ವರೂಪ ಬದಲಾಗಿದೆ. ಕುರ್ಲಾ ಪೂರ್ವದ ಬಂಟರ ಭವನದಿಂದ ಕೆಲಸ ಮಾಡುವ ಬಂಟರ ಸಂಘ ಊರನ್ನು ಪ್ರಾದೇಶಿಕ ಸಮಿತಿಗಳಾಗಿ ಹಂಚಿಕೊಂಡಿದೆ. ನಾನು ನಿಂತಿದ್ದ ಜಾಗ ಅದರ ಅಂಧೇರಿ-ಬಾಂದ್ರಾ ಪ್ರಾದೇಶಿಕ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಶಾಲೆ ತೆರೆಯುವ ಋತುವಿನಲ್ಲಿ ಶೈಕ್ಷಣಿಕ ನೆರವು ವಿತರಿಸುವುದು ಈ ಸಮಿತಿಗಳ ಮುಖ್ಯ ಕೆಲಸಗಳಲ್ಲಿ ಒಂದು. ಪವಾಯಿಯಲ್ಲಿ ಸಂಘದ್ದೇ ಎಸ್.ಎಂ. ಶೆಟ್ಟಿ ಶಾಲೆ ಇದೆ. ಬಾಂದ್ರಾದಿಂದ ಎರಡು ಸ್ಟೇಷನ್ ಆಚೆ ಸಾಂತಾಕ್ರೂಜ್ ಪೂರ್ವದಲ್ಲಿ ಬಿಲ್ಲವ ಭವನ. ಅಲ್ಲಿಂದಲೂ ವಿದ್ಯಾರ್ಥಿಗಳಿಗೆ ನೆರವು ಹೋಗುತ್ತದೆ. ಅಂಧೇರಿ ಪಶ್ಚಿಮದಲ್ಲಿ ಮೊಗವೀರ ಮಂಡಳಿಯ ಶಿಕ್ಷಣ ಸಂಕುಲವೇ ಇದೆ. ಇಗರ್ಜಿಗಳ ಮಟ್ಟದಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಸಭೆಯವರು ಬಡ ಮನೆಗಳನ್ನು ಸ್ವತಃ ಭೇಟಿ ಮಾಡಿ ಶಾಲೆಯ ಖರ್ಚನ್ನೂ ವಿಚಾರಿಸುವುದುಂಟು. ಇವರ ಕ್ರಮ ನನಗೆ ಬಹಳ ಹಿಡಿಸಿತು: ಮನೆಗೆ ಹೋದವನಿಗೆ ಮಗು ಎಲ್ಲಿ ಕೂತು ಓದುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ; ವೇದಿಕೆಯ ಮೇಲೆ ಚೆಕ್ ಕೊಡುವವನಿಗೆ ಬೀಳುವುದಿಲ್ಲ.

ಹೊರಗಿನಿಂದ ಬಂದ ಸೇವಾ ಕ್ಲಬ್ಬುಗಳ ಮಾತನ್ನೂ ಹೇಳಬೇಕು. ಮುಂಬಯಿಗೆ ರೋಟರಿ ಬಂದದ್ದು 1929ರಲ್ಲಿ, ಲಯನ್ಸ್ 1956ರಲ್ಲಿ. ಶಾಲೆಗೆ ಶೌಚಾಲಯ, ಕುಡಿಯುವ ನೀರು, ಬೆಂಚು, ಕಣ್ಣಿನ ತಪಾಸಣೆ ಇವರ ಬಲ. ಕನ್ನಡಕ ಬೇಕೆಂಬುದು ಗೊತ್ತಿಲ್ಲದೆಯೇ ಹಿಂದಿನ ಬೆಂಚಿನ ಹುಡುಗ ದಡ್ಡನೆನಿಸಿಕೊಂಡಿರುತ್ತಾನೆ. ಅಂಥವನಿಗೆ ಕ್ಲಬ್ಬಿನ ಒಂದು ಭಾನುವಾರದ ಶಿಬಿರ ದೊಡ್ಡ ಉಪಕಾರ. ರೋಟರಿ 1962ರಿಂದ 12ರಿಂದ 18 ವರ್ಷದವರಿಗಾಗಿ ಇಂಟರಾಕ್ಟ್ ಕ್ಲಬ್ಬುಗಳನ್ನು ನಡೆಸುತ್ತದೆ, ಲಯನ್ಸ್‌ನವರದು ಲಿಯೋ ಕ್ಲಬ್ಬು. ಇಲ್ಲಿ ಹೈಸ್ಕೂಲು ಮಕ್ಕಳು ತಾವೇ ಪದಾಧಿಕಾರಿಗಳಾಗಿ ಸಭೆ ನಡೆಸುತ್ತಾರೆ, ಲೆಕ್ಕ ಇಡುತ್ತಾರೆ. ಪಶ್ಚಿಮದ ಶಾಲೆಗಳ ಮಕ್ಕಳಿಗೆ ಸಿಗುವ ಈ ಅವಕಾಶ ಪೂರ್ವದ ಪಾಲಿಕೆ ಶಾಲೆಯ ಮಕ್ಕಳಿಗೂ ಸಿಕ್ಕರೆ, ಪಡೆಯುವವರಾಗಿಯೇ ನಿಂತ ಮಕ್ಕಳು ಕೊಡುವವರ ಸಾಲಿಗೂ ಬಂದಾರು.

ಖೇರ್‌ವಾಡಿಯ ಹಾಲಿಗೆ ಮರಳೋಣ. ಆ ಹಿರಿಯರು ತೋರಿಸಿದ ಫಾರ್ಮು ಎರಡು ಪುಟದ್ದು. ವಿದ್ಯಾರ್ಥಿಯ ಹೆಸರು, ಊರಿನ ವಿಳಾಸ, ತಂದೆಯ ಉದ್ಯೋಗ, ಕಳೆದ ವರ್ಷದ ಅಂಕ. ಜೊತೆಗೆ ಲಗತ್ತಿಸಬೇಕಾದವು: ಮಾರ್ಕ್‌ಶೀಟಿನ ಝೆರಾಕ್ಸ್, ಶಾಲೆಯ ಬೋನಫೈಡ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ತಹಸೀಲ್ದಾರರ ಆದಾಯ ದಾಖಲೆ. ಹೋಟೆಲಿನಲ್ಲಿ ದುಡಿಯುವ ತಂದೆಗೆ ಸಂಬಳದ ಚೀಟಿ ಇರುವುದಿಲ್ಲ. ಬಾಡಿಗೆ ಮನೆಯಾದ್ದರಿಂದ ವಿಳಾಸ ಹನ್ನೊಂದು ತಿಂಗಳಿಗೊಮ್ಮೆ ಬದಲು. ಆದಾಯ ದಾಖಲೆಗೆ ಅರ್ಧ ದಿನ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ನಿಜವಾಗಿ ಕಷ್ಟದಲ್ಲಿರುವ ಮನೆಗೇ ಇಷ್ಟು ಕಾಗದ ಹೊಂದಿಸುವುದು ಎಲ್ಲರಿಗಿಂತ ಕಷ್ಟ. ಆ ಹಾಲಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದವರ ಫಾರ್ಮು ತುಂಬಿಸಿಕೊಡುತ್ತಿದ್ದರು. ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಮರಾಠಿ, ತುಳು, ಕನ್ನಡ ಮೂರರಲ್ಲೂ ವಿವರಿಸುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಕೆಲಸಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ ಎಂದು ನಾನು ಹೇಳುತ್ತೇನೆ.

ಏಕೆಂದರೆ ಹಣ ಇರುವ ಕಡೆಯೂ ಮಕ್ಕಳು ತಲುಪುತ್ತಿಲ್ಲ. ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ನೋಡಿ. ಸರ್ಕಾರಿ, ಅನುದಾನಿತ, ಪಾಲಿಕೆ ಶಾಲೆಗಳ ಎಂಟನೆಯ ತರಗತಿ ಮಕ್ಕಳು ಬರೆಯುವ ಪರೀಕ್ಷೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೆಯ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000 ರೂಪಾಯಿ. ಪ್ರಶ್ನೆಪತ್ರಿಕೆ ಎರಡು: ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ ವಿಷಯಗಳದು, ತಲಾ 90 ಪ್ರಶ್ನೆ. ಸರಣಿಯಲ್ಲಿ ಮುಂದಿನ ಸಂಖ್ಯೆ ಯಾವುದು, ಗುಂಪಿಗೆ ಸೇರದ ಚಿತ್ರ ಯಾವುದು ಎಂಬಂಥ ಪ್ರಶ್ನೆಗಳನ್ನು ಶಾಲೆಯ ಪಾಠದಲ್ಲಿ ಯಾರೂ ಕಲಿಸುವುದಿಲ್ಲ. ಅಭ್ಯಾಸ ಬೇಕು, ಹಳೆಯ ಪತ್ರಿಕೆಗಳು ಬೇಕು, ಶನಿವಾರ ಒಂದು ಗಂಟೆ ಕೂರಿಸಿ ಹೇಳಿಕೊಡುವವರು ಬೇಕು. ಒಂದು ಸಂಘ ಹತ್ತು ಮಕ್ಕಳನ್ನು ಈ ಪರೀಕ್ಷೆಗೆ ತಯಾರು ಮಾಡಿ ಅದರಲ್ಲಿ ಮೂವರು ಆಯ್ಕೆಯಾದರೂ, ಆ ಮೂವರ ಪಾಲಿಗೆ ಬರುವ ಹಣ 1,44,000 ರೂಪಾಯಿ. ಸಂಘದ ಖರ್ಚು ಝೆರಾಕ್ಸು ಮತ್ತು ಬಿಸ್ಕತ್ತಿನದು.

ಆ ಹಾಲು ಸಂಜೆ ಏಳಕ್ಕೆ ಅಭ್ಯಾಸಿಕೆಯಾಗುತ್ತದೆ. ಅಭ್ಯಾಸಿಕೆ ಎಂದರೆ ಮುಂಬಯಿಯ ಬಡ ಮಕ್ಕಳು ಕೂತು ಓದುವ ಕೋಣೆ. ನಾನು ನೋಡಿದಾಗ ಮಡಚುವ ಮೇಜುಗಳನ್ನು ಬಿಡಿಸಿ ಟ್ಯೂಬ್‌ಲೈಟ್ ಹಾಕುತ್ತಿದ್ದರು. ಹತ್ತನೆಯವರು ಗೋಡೆಯ ಬದಿ, ಒಂಬತ್ತರವರು ನಡುವೆ. ಕಾರ್ಕಳ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಗಣಿತ ಹೇಳುತ್ತಾರೆ. ಒಬ್ಬ ಹುಡುಗನ ಜಾಮಿಟ್ರಿ ಪುಸ್ತಕ ತೆರೆದು, ವೃತ್ತದ ಪ್ರಮೇಯ ಹೇಳಿಕೊಡುವ ಮೊದಲು ಅವರು ಅವನ ಕಂಪಾಸಿನ ಸಡಿಲವಾದ ತಿರುಪನ್ನು ಬಿಗಿ ಮಾಡಿಕೊಟ್ಟರು. ಪೆನ್ಸಿಲ್ ಅಲುಗಾಡಿದರೆ ವೃತ್ತ ಕೂಡುವುದಿಲ್ಲ, ವೃತ್ತ ಕೂಡದಿದ್ದರೆ ಹುಡುಗ ತನಗೆ ಗಣಿತವೇ ಬಾರದೆಂದು ತೀರ್ಮಾನಿಸುತ್ತಾನೆ ಎಂದು ಅವರು ನನಗೆ ವಿವರಿಸಿದರು. ಹೀಗೆ ಪಕ್ಕದಲ್ಲಿ ಕೂತು ನೋಡದ ಹೊರತು ಆ ತಿರುಪು ಯಾರಿಗೂ ಕಾಣುವಂಥದ್ದಲ್ಲ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮನೆಯಲ್ಲಿ ಐದಾರು ಮಂದಿ. ಟೀವಿ ಅಲ್ಲೇ, ಒಲೆ ಅಲ್ಲೇ, ರಾತ್ರಿ ಪಾಳಿಯಿಂದ ಬಂದವರು ಮಲಗುವುದೂ ಅಲ್ಲೇ. ಓದುವ ಮಗುವಿಗೆ ಮೂಲೆ ಸಿಗುವುದು ಎಲ್ಲರೂ ಮಲಗಿದ ಮೇಲೆ. ಆಗ ದೀಪ ಹಾಕುವಂತಿಲ್ಲ. ಇಂಥ ಮನೆಗಳಲ್ಲಿ ಅವಘಡವೂ ಹೇಳಿ ಬರುವುದಿಲ್ಲ. 2011ರ ಮಾರ್ಚ್‌ನಲ್ಲಿ ಗರೀಬ್ ನಗರಕ್ಕೆ ಬೆಂಕಿ ಬಿದ್ದು ನೂರಾರು ಗುಡಿಸಲು ಸುಟ್ಟಾಗ ಅದು ಹತ್ತನೆಯ ಪರೀಕ್ಷೆಯ ಋತು. 2017ರ ಅಕ್ಟೋಬರ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಬೆಂಕಿ. ಪುಸ್ತಕಗಳೂ ದಾಖಲೆಗಳೂ ಒಂದೇ ಟ್ರಂಕಿನಲ್ಲಿ ಇರುವ ಮನೆಯಲ್ಲಿ ಟ್ರಂಕು ಸುಟ್ಟರೆ ಎಲ್ಲವೂ ಹೋದಂತೆ. ಮಕ್ಕಳ ಮಾರ್ಕ್‌ಶೀಟು, ಜನ್ಮದಾಖಲೆಗಳ ಒಂದು ಪ್ರತಿಯನ್ನು ಅಭ್ಯಾಸಿಕೆಯವರು ಸ್ಕ್ಯಾನ್ ಮಾಡಿ ಇಟ್ಟುಕೊಂಡಿರುವುದು ನೋಡಿ ನನಗೆ ನಿಜವಾಗಿ ಸಮಾಧಾನವಾಯಿತು.

ಫೇಲಾದವರ ಸುದ್ದಿಯನ್ನು ಸಂಘಗಳು ಮಾತಾಡುವುದು ಕಡಿಮೆ. ಪ್ರತಿಭಾ ಪುರಸ್ಕಾರದ ಫಲಕ ಶೇ. 90 ದಾಟಿದವರಿಗೆ. ಶೇ. 35ರ ಅಂಚಿನಲ್ಲಿ ತೂಗುವ ಮಗುವಿಗೆ ಫಲಕವಿಲ್ಲ, ಆದರೆ ಅದಕ್ಕೇ ಜನ ಬೇಕು. ಮಹಾರಾಷ್ಟ್ರ ಬೋರ್ಡಿನಲ್ಲಿ ಎರಡು ವಿಷಯದಲ್ಲಿ ಬಿದ್ದವರೂ ಎಟಿಕೆಟಿ ಮೇಲೆ, ಎಂದರೆ ಬಾಕಿ ವಿಷಯಗಳನ್ನು ಆಮೇಲೆ ಪಾಸು ಮಾಡುವ ಷರತ್ತಿನಲ್ಲಿ, ಹನ್ನೊಂದಕ್ಕೆ ಹೋಗಬಹುದು; ಶಾಲೆ ಬಿಟ್ಟವರು 17 ನಂಬರ್ ಫಾರ್ಮು ತುಂಬಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಬರೆಯಬಹುದು. ಇದು ಗೊತ್ತಿಲ್ಲದೆ ಎಷ್ಟು ಹುಡುಗರು ಡೆಲಿವರಿ ಬೈಕ್ ಹತ್ತಿಬಿಡುತ್ತಾರೆ, ಎಷ್ಟು ಹುಡುಗಿಯರು ಮನೆಗೆಲಸಕ್ಕೆ ಸೇರಿಬಿಡುತ್ತಾರೆ. ಫಲಿತಾಂಶದ ದಿನ ಸಂಘದ ಒಬ್ಬರು ಫೇಲಾದವರ ಮನೆಗೇ ಮೊದಲು ಹೋಗಬೇಕು. ಸನ್ಮಾನಕ್ಕೆ ಮುಂದಿನ ಭಾನುವಾರ ಇದ್ದೇ ಇದೆ.

ಇನ್ನೊಂದು ಮಾತನ್ನು ನಮ್ಮವರಿಗೆ ನೇರವಾಗಿಯೇ ಹೇಳಬೇಕು. ಕರಾವಳಿಯ ಸಮುದಾಯಗಳಿಗೆ ಇಲ್ಲಿ ನೂರು ವರ್ಷಗಳ ಸಂಘಟನೆ ಇದೆ, ಭವನಗಳಿವೆ, ದಾನಿಗಳಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ಕನ್ನಡ ಕುಟುಂಬಗಳಿಗೆ ಅದಾವುದೂ ಇಲ್ಲ. ಅವರ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಓದುತ್ತಾರೆ, ಕಟ್ಟಡದ ಕೆಲಸ ಮುಗಿದರೆ ಊರೇ ಬದಲಿಸುತ್ತಾರೆ. ಯಾವ ಸಂಘದ ಫಾರ್ಮಿನಲ್ಲೂ ಅವರಿಗೆ ಒಂದು ಗೆರೆ ಇಲ್ಲ. ತನ್ನವರಿಗೆ ಮೊದಲು ಎಂಬುದು ತಪ್ಪಲ್ಲ, ಸಂಘಗಳು ಹುಟ್ಟಿದ್ದೇ ಹಾಗೆ. ಆದರೆ ಅಭ್ಯಾಸಿಕೆಯ ಬೆಂಚಿಗೆ ಜಾತಿ ಕೇಳುವ ಅಗತ್ಯವಿಲ್ಲ. ಖೇರ್‌ವಾಡಿಯ ಆ ಹಾಲಿನಲ್ಲಿ ಕೇಳುವುದಿಲ್ಲ. ಅಲ್ಲಿ ಮರಾಠಿ, ಉರ್ದು, ಕನ್ನಡ ಮಾಧ್ಯಮದ ಮಕ್ಕಳು ಒಂದೇ ಸಾಲಿನಲ್ಲಿ ಕೂತಿದ್ದರು.

ಬಾಂದ್ರಾದಿಂದ ಬೊರಿವಲಿಯವರೆಗೆ, ಕುರ್ಲಾದಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳ ಹಾಲುಗಳು, ಮಂದಿರಗಳ ಸಭಾಗೃಹಗಳು ಶನಿವಾರ, ಭಾನುವಾರ ತುಂಬಿರುತ್ತವೆ. ಸೋಮವಾರದಿಂದ ಶುಕ್ರವಾರ ಸಂಜೆ ಹೆಚ್ಚಿನವು ಬೀಗ ಹಾಕಿರುತ್ತವೆ. ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ಏಳರಿಂದ ಹತ್ತರವರೆಗೆ ಆ ಬೀಗ ತೆಗೆಯಿರಿ, ಹತ್ತಿರದ ಪಾಲಿಕೆ ಶಾಲೆಯ ಹೆಡ್‌ಮಾಸ್ತರರನ್ನು ಕಂಡು ಎಂಟು, ಒಂಬತ್ತರ ಮಕ್ಕಳ ಪಟ್ಟಿ ಕೇಳಿ, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು ಸದಸ್ಯರನ್ನು ಗಣಿತಕ್ಕೆ ಒಪ್ಪಿಸಿ. ಎನ್‌ಎಂಎಂಎಸ್ ಪರೀಕ್ಷೆ ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತದೆ. ಜುಲೈಯಲ್ಲಿ ಶುರು ಮಾಡಿದರೆ ಐದು ತಿಂಗಳು ಸಿಗುತ್ತದೆ.